ಚಳಿಗಾಲದಲ್ಲಿ ಕುಂಡದ ಗಿಡಗಳ ಪಾಲನೆ

ಸಂಗನಕಲ್ಲು, ಕುರುಗೋಡು, ಸಿರುಗುಪ್ಪ ಭಾಗದ ರೈತರ ಮನೆಗಳಲ್ಲೂ ಈಗ ಮನಿ ಪ್ಲಾಂಟ್, ಕ್ರೋಟನ್, ಡೈಫೆನ್‌ಬೇಕಿಯಾ ಮುಂತಾದ ಕುಂಡದ ಗಿಡಗಳನ್ನು ಬೆಳೆಸುವುದುಂಟು. ಹಿತ್ತಲ ಬಾಗಿಲ ಪಕ್ಕ ಮನೆಬಳಕೆಗೆಂದು ವೀಳ್ಯದೆಲೆ ಬಳ್ಳಿ ಹಬ್ಬಿಸುವವರೂ ಇದ್ದಾರೆ. ಇವೆಲ್ಲ ಬೆಚ್ಚಗಿನ, ಮಳೆ ಹೆಚ್ಚಿರುವ ಸೀಮೆಯ ಗಿಡಗಳು. ಬೇಸಿಗೆಯನ್ನು ನೆರಳಿನಲ್ಲಿ ಹೇಗೋ ಕಳೆದ ಇವು ಡಿಸೆಂಬರ್-ಜನವರಿಯಲ್ಲಿ ಹಳದಿ ತಿರುಗಿ ಬಾಡಿದಾಗ ಎಲ್ಲರೂ ದೂರುವುದು ಚಳಿಯನ್ನು. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಇಂಥ ಗಿಡಗಳಿಗೆ ಹಾನಿ ನಿಜ. ಆದರೆ ಬಳ್ಳಾರಿ ಬಯಲಿನಲ್ಲಿ ಅಷ್ಟು ಚಳಿ ಬೀಳುವುದು ಅಪರೂಪ. ಹೆಚ್ಚಿನ ಗಿಡಗಳು ಸಾಯುವುದು ಬೇಸಿಗೆಯ ಅಳತೆಯಲ್ಲೇ ಹಾಕುತ್ತ ಬಂದ ನೀರಿನಿಂದ.

ಚಳಿಗಾಲದಲ್ಲಿ ಗಿಡದ ಬೆಳವಣಿಗೆ ನಿಧಾನವಾಗುತ್ತದೆ, ಬೇರು ಹೀರುವ ನೀರೂ ಕಡಿಮೆ. ಕುಂಡಕ್ಕೆ ಹೊಲದ ಎರೆ ಮಣ್ಣನ್ನೇ ತುಂಬಿದ್ದರೆ ತೊಂದರೆ ಇಮ್ಮಡಿಸುತ್ತದೆ. ನೆನೆದ ಎರೆ ಉಬ್ಬಿ, ಗಾಳಿಯಾಡುವ ಸಂದುಗಳು ಮುಚ್ಚಿಕೊಂಡು, ಬೇರು ಉಸಿರಾಡದೆ ಕೊಳೆಯುತ್ತದೆ. ಕೊಳೆತ ಬೇರಿಗೆ ನೀರು ಹೀರುವ ಶಕ್ತಿಯಿಲ್ಲ. ಆದ್ದರಿಂದ ಒದ್ದೆ ಮಣ್ಣಿನಲ್ಲಿ ನಿಂತ ಗಿಡವೂ ಬಾಯಾರಿದಂತೆಯೇ ಎಲೆ ಜೋಲಿಸುತ್ತದೆ. ಅದನ್ನು ಕಂಡು ಇನ್ನೊಂದು ಚೊಂಬು ನೀರು ಸುರಿದರೆ ಗಿಡ ಉಳಿಯಲಾರದು. ನೀರು ನಿಂತ ಎರೆ ಹೊಲದಲ್ಲಿ ತೊಗರಿ ಏಕೆ ಬಾಡುತ್ತದೆಂದು ಬಲ್ಲ ರೈತನೇ ಕುಂಡದ ಮುಂದೆ ಇದನ್ನು ಮರೆಯುವುದು ಸೋಜಿಗ.

ಆದಕಾರಣ ನೀರು ಹಾಕುವ ಮುನ್ನ ಬೆರಳನ್ನು ಎರಡು ಅಂಗುಲ ಆಳಕ್ಕೆ ಇಳಿಸಿ ನೋಡಬೇಕು. ಒಳಗೆ ತೇವವಿದ್ದರೆ ಅಂದು ನೀರು ಬೇಡ. ಒಣಗಿದ್ದರೆ ಬಿಸಿಲೇರಿದ ಮೇಲೆ, ತಳದ ತೂತಿನಿಂದ ಸೋರುವಷ್ಟು ಹಾಕಿ, ಕೆಳಗಿನ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ವಾರಕ್ಕೆ ಇಷ್ಟು ಸಲ ಎಂಬ ಲೆಕ್ಕ ಉಪಯೋಗವಿಲ್ಲ. ಮಣ್ಣಿನ ಕುಂಡ ಬೇಗ ಒಣಗುತ್ತದೆ, ಪ್ಲಾಸ್ಟಿಕ್ ಕುಂಡ ತಡವಾಗಿ.

ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಅದನ್ನು ಹೆಂಟೆ ಸಮೇತ ಹೊರತೆಗೆದು ನೋಡಿರಿ. ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಮಿಶ್ರಣದಲ್ಲಿ ಮತ್ತೆ ನೆಡಬೇಕು. ತೂತಿನ ಮೇಲೆ ಹಂಚಿನ ಚೂರೊಂದನ್ನು ಬೋರಲು ಇಡಿರಿ. ಮನಿ ಪ್ಲಾಂಟ್‌ನ ಬೇರು ಪೂರ್ತಿ ಹೋಗಿದ್ದರೂ ಗಟ್ಟಿಯಿರುವ ಬಳ್ಳಿಯನ್ನು ಗೆಣ್ಣು ಸಹಿತ ತುಂಡುಮಾಡಿ ನೀರಿನಲ್ಲಿಟ್ಟು ಬೇರು ಬರಿಸಬಹುದು. ವೀಳ್ಯದೆಲೆ ಬಳ್ಳಿಯ ಬುಡ ಕೊಳೆತರೆ ಉಳಿಸುವುದು ಕಷ್ಟ. ಅದಕ್ಕೆ ಮೊದಲೇ ನೀರು ಬಸಿಯುವ ಏರ್ಪಾಡು ಇರತಕ್ಕದ್ದು.

ಜಾಗದ ಬಗ್ಗೆ ಒಂದು ಮಾತು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ, ಬೇಸಿಗೆಯಲ್ಲಿ ನೆರಳಾಗಿದ್ದ ದಕ್ಷಿಣದ ಪಡಸಾಲೆಗೆ ನೇರ ಬಿಸಿಲು ನುಗ್ಗುತ್ತದೆ. ಕ್ರೋಟನ್‌ಗೆ ಅದು ಹಿತ, ಎಲೆಯ ಬಣ್ಣ ಏರುತ್ತದೆ. ಡೈಫೆನ್‌ಬೇಕಿಯಾ ಎಲೆ ಮಾತ್ರ ಸುಡುತ್ತದೆ. ಅದನ್ನು ಒಳಗೆ ಸರಿಸಬೇಕು. ಅದರ ರಸ ಬಾಯಿಗೆ ತಗಲಿದರೆ ಉರಿ, ಊತ ಬರುವುದರಿಂದ ಮಕ್ಕಳಿಗೂ ಕರುಗಳಿಗೂ ಎಟುಕದಂತಿರಲಿ.

ಒಣಹವೆಯಲ್ಲಿ ನುಸಿ ಮತ್ತು ಹಿಟ್ಟು ತಿಗಣೆ ಹೆಚ್ಚುತ್ತವೆ. ಎಲೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಕೀಟ ಕಂಡಲ್ಲಿ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕದಡಿ, ಎಲೆಯ ಅಡಿಭಾಗಕ್ಕೆ ಸಂಜೆ ಸಿಂಪಡಿಸಬೇಕು. ಗೊಬ್ಬರವನ್ನು ಹೊಸ ಚಿಗುರು ಕಾಣುವವರೆಗೆ ಕೊಡಬಾರದು.