ಪ್ರತಿಕಾಯ ಸಮೀಕ್ಷೆ: ಒಂಬತ್ತನೇ ತರಗತಿಗೆ ಒಂದು ಪಾಠ

ಘಟಕ: ರೋಗನಿರೋಧಕ ಶಕ್ತಿ. ಅವಧಿ: 45 ನಿಮಿಷ.
ಉದ್ದೇಶ: ಸಮೀಕ್ಷೆಯ ಅಂಕಿಯನ್ನು ಪ್ರಶ್ನಿಸಿ ಓದುವುದು.

ಪೀಠಿಕೆ: ಸೋಂಕು ವಾಸಿಯಾದ ಮೇಲೂ ರಕ್ತದಲ್ಲಿ ಪ್ರತಿಕಾಯಗಳು ಕೆಲಕಾಲ ಉಳಿಯುತ್ತವೆ. ಅವುಗಳನ್ನು ಹುಡುಕಿದರೆ, ಲಕ್ಷಣವಿಲ್ಲದೆ ಸೋಂಕು ತಗುಲಿದವರೂ ಲೆಕ್ಕಕ್ಕೆ ಸಿಗುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ಮೇ–ಜೂನ್‌ನಲ್ಲಿ 70 ಜಿಲ್ಲೆಗಳಲ್ಲಿ ಕೊರೊನಾ ಸಮೀಕ್ಷೆ ನಡೆಸಿತು. ಚಿತ್ರದುರ್ಗ, ಕಲಬುರಗಿಗಳೂ ಅದರಲ್ಲಿದ್ದವು. ಸೋಂಕು ತಗುಲಿದ ವಯಸ್ಕರು ಶೇ. 0.73 ಎಂಬ ಅಂದಾಜು ಬಂತು. ಈ ಅಂಕಿಯನ್ನು ಹಲಗೆಯ ಮೇಲೆ ಬರೆದು ಪಾಠ ಆರಂಭಿಸಿದೆ.

ಚಟುವಟಿಕೆ 1: ಮನೆಗಳ ಹೆಸರಿನಲ್ಲಿ 40 ಚೀಟಿ ಮಾಡಿದೆ. ಕೆಲವುದರಲ್ಲಿ ‘ಬೀಗ’, ‘ಕೂಲಿಗೆ ಹೋಗಿದ್ದಾರೆ’, ‘ರಕ್ತ ಕೊಡಲು ಒಪ್ಪಲಿಲ್ಲ’ ಎಂದಿತ್ತು. “ಪಕ್ಕದ ಮನೆಗೆ ಹೋದರಾಯ್ತು ಮಿಸ್” ಎಂದರು ಮಕ್ಕಳು. “ಹಾಗಾದರೆ ಯಾರು ಬಿಟ್ಟುಹೋದರು?” ಎಂದು ಕೇಳಿದೆ. ದಿನವಿಡೀ ಹೊರಗೆ ಜನರ ನಡುವೆ ದುಡಿಯುವವರೇ ಬಿಟ್ಟುಹೋಗುತ್ತಾರೆ, ಸಂಜೆ ಮತ್ತೆ ಹೋಗಬೇಕು ಎಂಬ ಉತ್ತರಕ್ಕೆ ಅವರೇ ಬಂದರು.

ಚಟುವಟಿಕೆ 2: 1,000 ಜನರಲ್ಲಿ 10 ಮಂದಿಗೆ ನಿಜವಾಗಿ ಸೋಂಕು ತಗುಲಿದೆ ಎಂದಿಟ್ಟುಕೊಳ್ಳೋಣ. ಆ 10 ಮಂದಿಯನ್ನೂ ಪರೀಕ್ಷೆ ಗುರುತಿಸುತ್ತದೆ. ಆದರೆ ಸೋಂಕಿಲ್ಲದ 100ರಲ್ಲಿ 2 ಮಂದಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ಉಳಿದ 990ರಲ್ಲಿ ಸುಮಾರು 20 ತಪ್ಪು, ಒಟ್ಟು 30. ಶೇ. 1 ಇದ್ದದ್ದು ಶೇ. 3 ಆಯಿತು! ಸೋಂಕು ವಿರಳವಾಗಿದ್ದಾಗ ಎರಡನೇ ಪರೀಕ್ಷೆ ಏಕೆ ಬೇಕೆಂದು ಹುಣಸೆಬೀಜ ಎಣಿಸಿ ಮಕ್ಕಳು ಕಂಡುಕೊಂಡರು.

ಚರ್ಚೆ: ರಕ್ತದಿಂದ ಸೀರಂ ಬೇರ್ಪಡಿಸಿ ತಂಪಾಗಿಟ್ಟು ಪ್ರಯೋಗಾಲಯಕ್ಕೆ ಸಾಗಿಸಬೇಕು. ಕರೆಂಟು ಹೋದರೆ, ರಸ್ತೆ ಕೆಟ್ಟಿದ್ದರೆ ಏನು ಗತಿ? ಹಣ ಕಡಿಮೆಯಿರುವ ದೇಶಗಳಲ್ಲಿ ಬೆರಳಿನ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಕಳಿಸುವ ಕ್ರಮ ಅದಕ್ಕೇ ಉಪಯೋಗ ಎಂದು ವಿವರಿಸಿದೆ.

ಒಬ್ಬ ಹುಡುಗಿ ಕೇಳಿದಳು: “ಬೇಡ ಅಂದವರನ್ನ ಒತ್ತಾಯ ಮಾಡಬಹುದಾ ಮಿಸ್?” ಇಡೀ ತರಗತಿ ಸುಮ್ಮನಾಯಿತು. ಮಾಡುವಂತಿಲ್ಲ ಎಂದೆ. ರಕ್ತ ಏಕೆ ಬೇಕು, ಫಲಿತಾಂಶ ಯಾರಿಗೆ ತಿಳಿಯುತ್ತದೆ ಎಂಬುದನ್ನು ಅವರ ಭಾಷೆಯಲ್ಲೇ ಹೇಳಿ ಒಪ್ಪಿಗೆ ಪಡೆಯಬೇಕು. ಭಯದಿಂದ ಬಾಗಿಲು ಮುಚ್ಚಿದ ಮನೆಗಳು ಹೆಚ್ಚಿದಷ್ಟೂ ಊರಿನ ಲೆಕ್ಕ ದಾರಿ ತಪ್ಪುತ್ತದೆ.

ಮೌಲ್ಯಮಾಪನ: 2021ರ ಜೂನ್–ಜುಲೈ ಸುತ್ತಿನಲ್ಲಿ ಪ್ರಮಾಣ ಶೇ. 67.6. ಇದೆಲ್ಲವೂ ಸೋಂಕಿನಿಂದಲೇ ಬಂದದ್ದೇ? ಲಸಿಕೆಯನ್ನು ನೆನಪಿಸಿಕೊಂಡವರು 38 ಮಕ್ಕಳಲ್ಲಿ 29.

ಸಲಹೆ: ಎರಡನೇ ಚಟುವಟಿಕೆಗೆ ಗಣಿತದ ಅವಧಿಯನ್ನೂ ಜೋಡಿಸಿಕೊಂಡರೆ ಚರ್ಚೆಗೆ ಸಮಯ ಸಾಲುತ್ತದೆ.