ಅಲ್ಪ ವೆಚ್ಚದಲ್ಲಿ ಮುನ್ನುಗ್ಗುವ ಆಟ: ಫೊಜ್ಜಾ ತಂಡದ ಒಂದು ಅಧ್ಯಯನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಸಾಹಿತ್ಯ, ಯಕ್ಷಗಾನ, ಗಡಿನಾಡಿನ ಭಾಷಾ ಸಮಸ್ಯೆ ಮುಂತಾದ ಗಹನ ವಿಷಯಗಳ ಕುರಿತು ಬಲ್ಲವರು ಬರೆಯುತ್ತಿದ್ದಾರೆ. ಇಲ್ಲಿ ದೀರ್ಘಕಾಲ ದೈಹಿಕ ಶಿಕ್ಷಕನಾಗಿ ದುಡಿದ ನನ್ನ ಪಾಲಿಗೆ ಉಳಿದಿರುವುದು ಆಟದ ಬಯಲು. ಊರಿನ ಕ್ರೀಡಾ ಸಂಘಗಳನ್ನು ನಡೆಸುತ್ತಿರುವ ಹಳೆ ವಿದ್ಯಾರ್ಥಿಗಳು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಮಾಸ್ಟ್ರೇ, ಹಣವಿರುವವರು ಮುನ್ನುಗ್ಗಿ ಆಡಲಿ. ನಮ್ಮಂಥವರು ಹಿಂದೆ ನಿಂತು ಗೋಲು ಕಾಯುವುದೇ ಸರಿಯಲ್ಲವೇ?" ಇದಕ್ಕೆ ಬಾಯಿಮಾತಿನಲ್ಲಿ ಕೊಟ್ಟ ಉತ್ತರ ಚಹಾ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ಆದುದರಿಂದ ನಿಜವಾಗಿ ಆಡಿದ ಒಂದು ತಂಡವನ್ನು ಎದುರಿಗಿರಿಸಿಕೊಂಡು ಕೊಂಚ ವಿವರವಾಗಿ ಬರೆಯಲು ಹೊರಟಿದ್ದೇನೆ.

ಆ ತಂಡ ಇಟಲಿಯ ಫೊಜ್ಜಾ. ದಕ್ಷಿಣ ಇಟಲಿಯ ಪೂಲ್ಯಾ ಪ್ರಾಂತದಲ್ಲಿ, ಗೋಧಿ ಬೆಳೆಯುವ ವಿಶಾಲ ಬಯಲಿನ ನಡುವೆ ಇರುವ ಪಟ್ಟಣವದು. ಕೈಗಾರಿಕೆಯ ಸಂಪತ್ತೆಲ್ಲ ಉತ್ತರದ ಮಿಲಾನ್, ಟೂರಿನ್ ನಗರಗಳ ಕಡೆಗೆ. ಫುಟ್‌ಬಾಲಿನ ಸಂಪತ್ತೂ ಅತ್ತಲೇ. ಫೊಜ್ಜಾ ತಂಡದ ಅಧ್ಯಕ್ಷರಾಗಿದ್ದವರು ಒಬ್ಬ ಧಾನ್ಯ ವ್ಯಾಪಾರಿ. 1989ರಲ್ಲಿ ತಂಡವು ಎರಡನೆಯ ದರ್ಜೆಯ ಲೀಗಿಗೆ ಏರಿತು. 1991ರಲ್ಲಿ ಆ ದರ್ಜೆಯನ್ನು ಗೆದ್ದು ಮೊದಲ ದರ್ಜೆಗೆ ಬಂತು. 1991-92ರ ಆ ಮೊದಲ ವರ್ಷದಲ್ಲಿಯೇ ಹದಿನೆಂಟು ತಂಡಗಳ ನಡುವೆ ಒಂಬತ್ತನೆಯ ಸ್ಥಾನ ಪಡೆಯಿತು. ಸ್ಥಾನಕ್ಕಿಂತಲೂ ಗಮನಾರ್ಹವಾದುದು ಗೋಲುಗಳ ಲೆಕ್ಕ. ಆ ವರ್ಷ 34 ಪಂದ್ಯಗಳಲ್ಲಿ ಚಾಂಪಿಯನ್ ಆದ ಮಿಲಾನ್ 74 ಗೋಲು ಹೊಡೆದರೆ, ಅದರ ನಂತರ ಅತಿ ಹೆಚ್ಚು, ಅಂದರೆ 58 ಗೋಲು ಹೊಡೆದುದು ಈ ಬಡ ಫೊಜ್ಜಾ. ಇಟಲಿಯ ಫುಟ್‌ಬಾಲ್ ರಕ್ಷಣೆಗೇ ಹೆಸರಾದುದು. ಅವರ ಹಳೆಯ ಆಟದ ಕ್ರಮಕ್ಕೆ ಬಾಗಿಲಿನ ಅಗುಳಿ ಎಂಬರ್ಥದ 'ಕತೆನಾಚ್ಯೊ' ಎಂದೇ ಹೆಸರು. ಅಂಥ ನೆಲದಲ್ಲಿ ಇದು ನಡೆಯಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ತರಬೇತುದಾರ ಜೆಮಾನ್. 1947ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದವರು. ಯುವೆಂಟಸ್ ತಂಡಕ್ಕೆ ತರಬೇತಿ ಕೊಟ್ಟಿದ್ದ ವಿಚ್‌ಪಾಲೆಕ್ ಇವರ ಸೋದರಮಾವ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ ಕಾಲದಿಂದ ಇವರು ಸಿಸಿಲಿ ದ್ವೀಪದಲ್ಲಿಯೇ ನೆಲೆ ನಿಂತರು. ಪಲೆರ್ಮೊ ನಗರದಲ್ಲಿ ದೈಹಿಕ ಶಿಕ್ಷಣದ ಪದವಿ ಪಡೆದರು. ವೃತ್ತಿಪರ ಫುಟ್‌ಬಾಲ್ ಆಟಗಾರರಾಗಿ ಅವರು ಎಂದೂ ಆಡಿದವರಲ್ಲ. ಒಬ್ಬ ಡ್ರಿಲ್ ಮಾಸ್ತರ ಇಟಲಿಯ ಮಹಾ ತಂಡಗಳನ್ನು ಬೆವರಿಳಿಸಿದನೆಂಬುದು ನನ್ನಂಥವರಿಗೆ ತುಸು ಹೆಮ್ಮೆಯ ಸಂಗತಿಯೆಂದರೆ ಸಹೃದಯರು ನಗಬಾರದು. ಪಲೆರ್ಮೊ ತಂಡದ ಕಿರಿಯರಿಗೆ ಒಂಬತ್ತು ವರ್ಷ ಕಲಿಸಿ, ಅನಂತರ ಲಿಕಾತಾ ಎಂಬ ಸಣ್ಣ ಊರಿನ ತಂಡವನ್ನು ಬಹುಮಟ್ಟಿಗೆ ಸಿಸಿಲಿಯ ಹುಡುಗರಿಂದಲೇ ಕಟ್ಟಿ 1985ರಲ್ಲಿ ಮೇಲಿನ ದರ್ಜೆಗೇರಿಸಿದರು. 1988-89ರಲ್ಲಿ ಮೆಸ್ಸೀನಾ ತಂಡದಲ್ಲಿ ಇವರ ಕೈಕೆಳಗೆ ಆಡಿದ ಸ್ಕಿಲಾಚಿ ಮರುವರ್ಷವೇ ವಿಶ್ವಕಪ್‌ನಲ್ಲಿ ಆರು ಗೋಲು ಹೊಡೆದು ಎಲ್ಲರಿಗಿಂತ ಮುಂದೆ ನಿಂತನು. ಫೊಜ್ಜಾಕ್ಕೆ ಬರುವಾಗ ಜೆಮಾನರ ಕೈಯಲ್ಲಿ ಒಂದು ಸಿದ್ಧ ಪಾಠಕ್ರಮವಿತ್ತು.

ಆ ಪಾಠಕ್ರಮದ ಒಳಗುಟ್ಟು ಇಷ್ಟೇ. ಫುಟ್‌ಬಾಲಿನ ಪೇಟೆಯಲ್ಲಿ ಅತಿ ದುಬಾರಿಯಾದುದು ಒಬ್ಬನೇ ಮೂವರನ್ನು ದಾಟಿಕೊಂಡು ಹೋಗಬಲ್ಲ ಆಟಗಾರನ ಕಾಲು. ಮೂವರು ಒಂದೇ ಮನಸ್ಸಿನಿಂದ ಓಡುವುದಕ್ಕೆ ಪೇಟೆಯಲ್ಲಿ ಬೆಲೆ ಕಟ್ಟುವವರಿಲ್ಲ, ಏಕೆಂದರೆ ಅದು ಮಾರಾಟಕ್ಕೆ ಸಿಗುವ ವಸ್ತುವಲ್ಲ; ಅದನ್ನು ಬಯಲಿನಲ್ಲಿ ದಿನವೂ ತಯಾರಿಸಬೇಕು. ಹಣವಿಲ್ಲದ ತಂಡ ಮೊದಲನೆಯದನ್ನು ಕೊಳ್ಳಲಾರದು, ಎರಡನೆಯದನ್ನು ತಯಾರಿಸಬಲ್ಲುದು. ಹಿಂದೆ ನಿಂತು ಕಾಯುವ ಆಟ ಅಗ್ಗವೆಂಬ ನಂಬಿಕೆಯೇ ತಪ್ಪು. ಹಾಗೆ ಕಾಯುತ್ತ ನಿಂತ ತಂಡಕ್ಕೆ ಚೆಂಡು ದಕ್ಕುವುದು ಎದುರಾಳಿಯ ಗೋಲಿನಿಂದ ಬಹುದೂರದಲ್ಲಿ. ಅಲ್ಲಿಂದ ಒಬ್ಬಂಟಿಯಾಗಿ ಓಡಿ ಗೋಲು ಹೊಡೆಯಲು ಬೇಕಾದವನು ಮತ್ತೆ ಆ ದುಬಾರಿ ಆಟಗಾರನೇ!

ಜೆಮಾನರ ವ್ಯೂಹ ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ಇದರಿಂದ ಎಡಕ್ಕೂ ಬಲಕ್ಕೂ ಒಂದೊಂದು ತ್ರಿಕೋನ ತಾನಾಗಿ ಸಿದ್ಧವಾಗುತ್ತದೆ: ಬದಿಯ ಬ್ಯಾಕ್, ಅದೇ ಬದಿಯ ಹಾಫ್, ಅದೇ ಬದಿಯ ಫಾರ್ವರ್ಡ್. ಎಡಬದಿಯನ್ನು ಕಲ್ಪಿಸಿಕೊಳ್ಳಿ. ಚೆಂಡು ಬ್ಯಾಕಿನವನಲ್ಲಿದೆ. ಫಾರ್ವರ್ಡ್ ಚೆಂಡು ಬೇಡುವವನಂತೆ ನಾಲ್ಕು ಹೆಜ್ಜೆ ಹಿಂದಕ್ಕೆ ಬರುತ್ತಾನೆ. ಅವನನ್ನು ಕಾಯುವವನೂ ಬೆನ್ನುಹತ್ತಿ ಬರುತ್ತಾನೆ. ಆ ಎದುರಾಳಿ ಬಿಟ್ಟುಬಂದ ಜಾಗವೇ ನಮಗೆ ಬೇಕಾದುದು. ಫಾರ್ವರ್ಡಿಗೆ ಚೆಂಡು ಮುಟ್ಟುವ ಹೊತ್ತಿಗೆ ಹಾಫಿನವನು ಆ ಖಾಲಿ ಜಾಗದತ್ತ ಓಟ ಕಿತ್ತಿರುತ್ತಾನೆ. ಫಾರ್ವರ್ಡ್ ಒಂದೇ ಸ್ಪರ್ಶದಲ್ಲಿ ಚೆಂಡನ್ನು ಅವನ ದಾರಿಗೆ ತಳ್ಳುತ್ತಾನೆ. ಇಲ್ಲಿ ಮುಖ್ಯನಾದವನು ಈ ಮೂರನೆಯವನು. ಅವನು ಚೆಂಡನ್ನು ಕಂಡು ಓಡುವುದಲ್ಲ. ಓಡುತ್ತಿರುವ ಅವನ ದಾರಿಗೆ ಚೆಂಡು ಬರುತ್ತದೆ. ನಡುವಿನ ಫಾರ್ವರ್ಡ್ ಸ್ಟಾಪರನ್ನು ಒಂದು ಬದಿಗೆ ಎಳೆಯುತ್ತಾನೆ. ಆಚೆ ಬದಿಯ ಫಾರ್ವರ್ಡ್ ಗೋಲಿನ ದೂರದ ಕಂಬದ ಕಡೆಗೆ ನುಗ್ಗುತ್ತಾನೆ. ಇಂಥ ಹತ್ತು ಹನ್ನೆರಡು ನಡೆಗಳನ್ನು ಎದುರಾಳಿಯೇ ಇಲ್ಲದ ಬಯಲಿನಲ್ಲಿ, ಕಣ್ಣು ಕಟ್ಟಿದರೂ ಕಾಲು ತಪ್ಪದಷ್ಟು ಸಲ, ಮಾಡಿಸಬೇಕು. ನೋಡುವವರಿಗೆ ಬೇಸರದ ಕೆಲಸ. ಹುಡುಗರಿಗೂ ಮೊದಲ ಎರಡು ವಾರ ಬೇಸರವೇ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಂದು ಬೇರೆಬೇರೆ ನುಡಿಯಾಡುವವರು. ಈ ಕ್ರಮ ಕೈಗೂಡಿದ ಮೇಲೆ ಮೈದಾನದಲ್ಲಿ ಕೂಗಾಟವೇ ಕಡಿಮೆಯಾಗುವುದನ್ನು ನಾನು ಗಮನಿಸಿದ್ದೇನೆ.

ಇದರ ಇನ್ನೊಂದು ಅಂಗ ಹಿಂದಿನ ಸಾಲು. ಫೊಜ್ಜಾದ ನಾಲ್ವರು ಬ್ಯಾಕುಗಳು ತಮ್ಮ ಗೋಲಿನ ಬಳಿ ನಿಲ್ಲದೆ ಮೈದಾನದ ನಡುಗೆರೆಯ ಸಮೀಪಕ್ಕೆ ಏರಿ ಬರುತ್ತಿದ್ದರು. ಎದುರಾಳಿ ಅವರನ್ನು ದಾಟಿ ಮೊದಲೇ ನಿಂತರೆ ಆಫ್‌ಸೈಡ್. ಹೀಗೆ ತಂಡವಿಡೀ ಒತ್ತಾಗಿ ಇರುವುದರಿಂದ ಚೆಂಡು ಕೈತಪ್ಪಿದರೂ ಅಲ್ಲೇ ಇಬ್ಬರು ಮೂವರು ಮುತ್ತಿಕೊಂಡು ಕಿತ್ತುಕೊಳ್ಳಬಹುದು. ಗೋಲು ಅಲ್ಲಿಗೆ ಹತ್ತಿರ. ಬೆನ್ನ ಹಿಂದೆ ಬಿದ್ದ ಚೆಂಡನ್ನು ನೋಡಿಕೊಳ್ಳಲು ಗೋಲ್‌ಕೀಪರ್ ಫ್ರಾಂಚೆಸ್ಕೊ ಮಂಚೀನಿ ತನ್ನ ಚೌಕವನ್ನು ಬಿಟ್ಟು ಓಡಿ ಬಂದು ಕಾಲಿನಿಂದ ಹೊಡೆಯುತ್ತಿದ್ದನು. ಗೋಲ್‌ಕೀಪರನಿಗೂ ಕಾಲಾಟ ಕಲಿಸಬೇಕೆಂದು ಆ ದಿನಗಳಲ್ಲಿ ಯಾರಾದರೂ ಹೇಳಿದ್ದರೆ ನಮ್ಮ ಕಡೆ ನಕ್ಕುಬಿಡುತ್ತಿದ್ದರು.

ಇಷ್ಟು ಓಡಲು ಎದೆಯಲ್ಲಿ ಉಸಿರು ಬೇಕಲ್ಲವೇ? ಜೆಮಾನರು ಹುಡುಗರನ್ನು ಕ್ರೀಡಾಂಗಣದ ಮೆಟ್ಟಿಲುಗಳನ್ನು ಹತ್ತಿಸಿ ಹತ್ತಿಸಿ ದಣಿಸುತ್ತಿದ್ದುದು ಪ್ರಸಿದ್ಧವಾಗಿದೆ. ಮುರಕಲ್ಲಿನ ಗುಡ್ಡದ ಮೇಲಿರುವ ನಮ್ಮ ಶಾಲೆಗೆ ಮೆಟ್ಟಿಲಿನ ಬಡತನವಿಲ್ಲ. ಆದರೆ ಬೆಳೆಯುವ ಮಕ್ಕಳಿಗೆ ಭಾರ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಬೆಳಗಿನ ತಿಂಡಿಯಿಲ್ಲದೆ ಬಂದವನನ್ನು ಓಡಿಸುವುದನ್ನಂತೂ ಸರ್ವಥಾ ಒಪ್ಪೆ.

ಆಟಗಾರರನ್ನು ಆರಿಸಿದ ಬಗೆಯೂ ಈ ಕ್ರಮಕ್ಕೆ ಹೊಂದುವಂಥದೇ. ಜೂಸೆಪ್ಪೆ ಸಿನ್ಯೋರಿ ಎಂಬ ಹುಡುಗನನ್ನು ಇಂಟರ್ ತಂಡದವರು ಮೈಕಟ್ಟು ಸಣ್ಣದೆಂದು ಬಾಲ್ಯದಲ್ಲಿಯೇ ಕೈಬಿಟ್ಟಿದ್ದರು. 1989ರಲ್ಲಿ ಫೊಜ್ಜಾ ಅವನನ್ನು ಪಿಯಾಚೆನ್ಸಾ ತಂಡದಿಂದ ತಂದಿತು. ನಡುವೆ ಆಡುತ್ತಿದ್ದವನನ್ನು ಜೆಮಾನರು ಎಡ ಮುಂಬದಿಗೆ ಕಳುಹಿಸಿದರು. ನಡುವೆ ಬಯಾನೊ, ಬಲಕ್ಕೆ ರಂಬಾವ್ದಿ. ಮೂವರೂ ಆಗ ದೊಡ್ಡ ಹೆಸರುಗಳಲ್ಲ.

ಇಷ್ಟನ್ನು ಹೊಗಳಿದ ಮೇಲೆ ಇದಕ್ಕೆ ತೆತ್ತ ಬೆಲೆಯನ್ನು ಹೇಳದಿರುವುದು ಶಿಕ್ಷಕನಿಗೆ ಶೋಭಿಸದು. 58 ಗೋಲು ಹೊಡೆದ ಆ ವರ್ಷ ಫೊಜ್ಜಾ ಬಿಟ್ಟುಕೊಟ್ಟ ಗೋಲುಗಳೂ 58. ಆ ಸಾಲಿನ ಕೊನೆಯ ಪಂದ್ಯದಲ್ಲಿ, ತಮ್ಮ ಊರಿನಲ್ಲಿಯೇ, ಮಿಲಾನಿನ ಎದುರು ವಿರಾಮದ ಹೊತ್ತಿಗೆ 2-1ರಿಂದ ಮುಂದಿದ್ದವರು ಅಂತಿಮವಾಗಿ 2-8ರಿಂದ ಸೋತರು. ಹಿಂದಿನ ಸಾಲಿನಲ್ಲಿ ಒಬ್ಬನ ಗಮನ ತಪ್ಪಿದರೆ ಸಾಕು, ಇಡೀ ಬಯಲು ಎದುರಾಳಿಯದಾಗುತ್ತದೆ. ಜೆಮಾನರು ಅದನ್ನು ಲಕ್ಷಿಸಲಿಲ್ಲ. ಶಾಲಾ ತಂಡಕ್ಕೆ ನಾನಾದರೋ ಒಂದು ಬದಿಯ ಬ್ಯಾಕ್ ಮೇಲೇರಿದಾಗ ಇನ್ನೊಂದು ಬದಿಯವನು ಕಡ್ಡಾಯವಾಗಿ ಹಿಂದುಳಿಯಬೇಕೆಂಬ ನಿಯಮವನ್ನಿಟ್ಟಿದ್ದೆ. ಎಂಟು ಗೋಲು ತಿಂದು ಬಂದ ಹದಿನಾಲ್ಕು ವರ್ಷದ ಹುಡುಗನನ್ನು ಮರುದಿನ ಬಯಲಿಗೆ ಕರೆತರುವುದು ಸುಲಭದ ಕೆಲಸವಲ್ಲ.

ಈ ಅಧ್ಯಯನದಲ್ಲಿ ನಮಗೆ ಅತ್ಯಂತ ಹತ್ತಿರವಾದ ಭಾಗ 1992ರ ಬೇಸಿಗೆಯದು. ಹೆಸರು ಬಂದ ಕೂಡಲೇ ದೊಡ್ಡ ತಂಡಗಳು ಬಂದು ಫೊಜ್ಜಾದ ಆಟಗಾರರನ್ನು ಕೊಂಡೊಯ್ದವು. ಸಿನ್ಯೋರಿ ಲಾತ್ಸಿಯೊಗೆ, ಬಯಾನೊ ಫಿಯೊರೆಂತೀನಾಕ್ಕೆ, ರಂಬಾವ್ದಿ ಅತಲಾಂತಾಕ್ಕೆ, ನಡುವೆ ಆಡುತ್ತಿದ್ದ ರಷ್ಯದ ಶಾಲಿಮೊವ್ ಇಂಟರಿಗೆ. ಮರುವರ್ಷವೇ ಸಿನ್ಯೋರಿ ಇಟಲಿಯ ಮೊದಲ ದರ್ಜೆಯಲ್ಲಿ 26 ಗೋಲು ಹೊಡೆದು ಅಗ್ರಗಣ್ಯನಾದನು. ಮುಂದಿನ ಸಾಲು ಪೂರ್ತಿ ಖಾಲಿಯಾದ ಫೊಜ್ಜಾ ನೆಲಕಚ್ಚುವುದೆಂದು ಜನ ಭಾವಿಸಿದ್ದರೆ ಅಚ್ಚರಿಯಿಲ್ಲ. ಆದರೆ ತಂಡ ಹೊಸಬರೊಡನೆ ಆ ವರ್ಷ 12ನೆಯ ಸ್ಥಾನದಲ್ಲಿ ಉಳಿದುಕೊಂಡಿತು. 1993-94ರಲ್ಲಿ ಮತ್ತೆ ಒಂಬತ್ತನೆಯ ಸ್ಥಾನಕ್ಕೆ ಬಂತು. ಹೊಸಬರಲ್ಲಿ ಮೊನ್ಜಾದಿಂದ ಬಂದ ಯುವಕ ಲುಯಿಜಿ ದಿ ಬಿಯಾಜೊ 1998ರ ವಿಶ್ವಕಪ್‌ನಲ್ಲಿ ಇಟಲಿಯ ಪರವಾಗಿ ಆಡಿದನು. ನಮ್ಮ ಯಕ್ಷಗಾನ ಮೇಳದಲ್ಲಿ ಒಬ್ಬ ವೇಷಧಾರಿ ಬಾರದಿದ್ದರೆ ಪ್ರಸಂಗ ನಿಲ್ಲುವುದಿಲ್ಲ. ನಡೆ ಬಲ್ಲ ಇನ್ನೊಬ್ಬನಿಗೆ ಆ ವೇಷ ಕಟ್ಟುತ್ತಾರೆ. ಫೊಜ್ಜಾದಲ್ಲಿ ನಡೆದುದೂ ಅದೇ. 1994ರಲ್ಲಿ ಜೆಮಾನರು ಲಾತ್ಸಿಯೊಗೆ ಹೋದರು. ಭಾಗವತರೇ ಇಲ್ಲದ ಮೇಲೆ ಫೊಜ್ಜಾ 1995ರಲ್ಲಿ ಎರಡನೆಯ ದರ್ಜೆಗೆ ಇಳಿಯಿತು.

ನಮ್ಮ ಶಾಲೆಗೆ ಪ್ರತಿ ಮಾರ್ಚಿ ತಿಂಗಳೂ ಒಂದು 1992. ಹತ್ತನೆಯ ತರಗತಿ ಮುಗಿಸಿದವರು ಮಂಗಳೂರಿಗೋ ಬೇರೆ ಹೈಯರ್ ಸೆಕೆಂಡರಿಗೋ ಹೊರಟುಹೋಗುತ್ತಾರೆ. ಕನ್ನಡ ವಿಭಾಗಗಳು ಕಿರಿದಾಗುತ್ತಿರುವ ಈ ದಿನಗಳಲ್ಲಿ ಆರಿಸಲು ಅರುವತ್ತು ಹುಡುಗರಿಲ್ಲ. ಇರುವ ಇಪ್ಪತ್ತರಲ್ಲಿಯೇ ಹನ್ನೊಂದು ಆಗಬೇಕು. ಒಬ್ಬ ಪ್ರತಿಭಾವಂತನ ಸುತ್ತ ಕಟ್ಟಿದ ತಂಡ ಅವನ ವರ್ಗಾವಣೆ ಪತ್ರದೊಡನೆಯೇ ಗೇಟು ದಾಟುತ್ತದೆ. ಆದುದರಿಂದ ಹತ್ತನೆಯವರು ಆಡುವ ನಡೆಗಳನ್ನೇ ಎಂಟನೆಯವರಿಗೂ ಅದೇ ಬಯಲಿನ ಇನ್ನೊಂದು ತುದಿಯಲ್ಲಿ ಕಲಿಸಬೇಕು. ಬಲಬದಿಯ ಹಿರಿಯನ ಹಿಂದೆ ಬಲಬದಿಯ ಕಿರಿಯನೊಬ್ಬ ಯಾವಾಗಲೂ ಸಿದ್ಧನಿರಬೇಕು.

ಇದೆಲ್ಲ ಇಟಲಿಯ ಮಾತಾಯಿತು ಎನ್ನುವವರು ನಮ್ಮ ರಾಜ್ಯದ್ದೇ ಒಂದು ದಿನವನ್ನು ನೆನೆಯಲಿ. 27 ಮಾರ್ಚ್ 2021ರಂದು ಐ-ಲೀಗಿನ ಕೊನೆಯ ಪಂದ್ಯದಲ್ಲಿ ಕೋಝಿಕ್ಕೋಡಿನ ಗೋಕುಲಂ ಕೇರಳ ತಂಡ ಮಣಿಪುರದ ಟ್ರಾವು ತಂಡದೆದುರು 0-1ರಿಂದ ಹಿಂದಿತ್ತು. ಉಳಿದದ್ದು ಸುಮಾರು ಇಪ್ಪತ್ತು ನಿಮಿಷ. ಆಗಲೂ ಮುನ್ನುಗ್ಗುವುದನ್ನು ಬಿಡದೆ ನಾಲ್ಕು ಗೋಲು ಹೊಡೆದು, ಐ-ಲೀಗ್ ಗೆದ್ದ ಕೇರಳದ ಮೊದಲ ತಂಡವಾಯಿತು. ಗೋಲು ಹೊಡೆದವರಲ್ಲಿ ವಯನಾಡಿನ ಎಮಿಲ್ ಬೆನ್ನಿ ಒಬ್ಬ. ನಮ್ಮ ಜಿಲ್ಲೆಯ ತೃಕ್ಕರಿಪುರದ ಮಹಮ್ಮದ್ ರಫಿ ಭಾರತ ತಂಡದವರೆಗೆ ಏರಿದ್ದನ್ನು ಓದುಗರೇ ಬಲ್ಲರು. ಗೋಕುಲಂನ ಹೆಣ್ಣುಮಕ್ಕಳ ತಂಡವೂ 2020ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿತು. ನಮ್ಮ ಹುಡುಗಿಯರು ಮಾತ್ರ ಇಂದಿಗೂ ಬಯಲಿನ ಬದಿಯಲ್ಲಿ ತ್ರೋಬಾಲಿಗೆ ಕಾಯುತ್ತಿರುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಖರ್ಚಿನ ಮಾತು. ಊರಿನ ಸೆವೆನ್ಸ್ ಪಂದ್ಯಾಟಗಳಿಗೆ ಒಂದು ರಾತ್ರಿಗೆಂದು ಹೊರಗಿನ ಆಟಗಾರರನ್ನು ಹಣ ಕೊಟ್ಟು ಕರೆತರುವುದು ಈಗ ವಾಡಿಕೆಯಾಗಿದೆ. ಕಪ್ಪು ಬರುತ್ತದೆ, ಪಟಾಕಿ ಸಿಡಿಯುತ್ತದೆ; ಊರಿನ ಹುಡುಗ ಮಾತ್ರ ಜರ್ಸಿ ತೊಟ್ಟು ಬೆಂಚಿನಲ್ಲಿ ಕುಳಿತಿರುತ್ತಾನೆ. ಆ ಹಣದಲ್ಲಿ ಮೊದಲು ಚೆಂಡುಗಳನ್ನು ಕೊಳ್ಳಬೇಕು. ಇಪ್ಪತ್ತು ಮಂದಿಗೆ ಎರಡು ಚೆಂಡಿದ್ದರೆ ಹದಿನೆಂಟು ಮಂದಿ ಕಲಿಯುತ್ತಿಲ್ಲವೆಂದೇ ಅರ್ಥ, ಇಬ್ಬರಿಗೊಂದು ಇರಬೇಕು. ಎರಡನೆಯದಾಗಿ ಅಭ್ಯಾಸದ ಬಳಿಕ ಹೊಟ್ಟೆಗೆ ಅವಲಕ್ಕಿಯೋ ಬೇಯಿಸಿದ ಕಡಲೆಯೋ. ಜರ್ಸಿ ಕೊನೆಗೆ. ಗೋಲುಗಂಬಕ್ಕೆ ಕಂಗಿನ ಮರ ಸಾಕು. ಕೊಯಿಲು ಮುಗಿದ ಗದ್ದೆಯೂ ಆದೀತು, ಒಡೆಯರು ಒಪ್ಪಿದರೆ.

ಹಳೆ ವಿದ್ಯಾರ್ಥಿ ಸಂಘದವರು ಸುವರ್ಣ ಮಹೋತ್ಸವದ ನೆನಪಿಗೆ ಏನಾದರೂ ಶಾಶ್ವತವಾದುದನ್ನು ಮಾಡಬೇಕೆಂದು ಯೋಚಿಸುತ್ತಿದ್ದಾರೆಂದು ಕೇಳಿದ್ದೇನೆ. ಕಮಾನು ಕಟ್ಟಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಅದರೊಡನೆ ಹತ್ತು ಚೆಂಡುಗಳನ್ನೂ, ಶನಿವಾರ ಬೆಳಿಗ್ಗೆ ಎರಡು ಗಂಟೆ ಬಯಲಿಗೆ ಬರಬಲ್ಲ ಇಬ್ಬರು ಹಳೆಯ ಆಟಗಾರರನ್ನೂ ಒದಗಿಸಿಕೊಟ್ಟರೆ, ಎಡಬದಿಯ ತ್ರಿಕೋನವನ್ನು ಸುಣ್ಣದಲ್ಲಿ ಗೆರೆಯೆಳೆದು ತೋರಿಸಲು ನಾನು ಈಗಲೂ ಗುಡ್ಡ ಹತ್ತಿ ಬರಬಲ್ಲೆ.