ಮೈದಾನದ ಆಯಸ್ಸು ಚಿಕ್ಕದು: ಆಟ ಕಲಿಸುತ್ತ ಕಲಿತ ಐದು ಪಾಠ

ಮೂಡಿಗೆರೆಯಲ್ಲಿ ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುವವನು ನಾನು. ಮಗ, ಮಗಳು ದೊಡ್ಡ ಆಟಗಾರರಾಗಬೇಕು ಎನ್ನುವ ಮನೆಯವರಿಗೆ ಹೇಳಬೇಕಾದದ್ದು ಇಷ್ಟು.

1. ಲೆಕ್ಕ ಮೊದಲೇ ಗೊತ್ತಿರಲಿ. ನಮ್ಮ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2011ರಲ್ಲಿ, 18ನೇ ವಯಸ್ಸಿಗೆ ಭಾರತ ತಂಡ ಸೇರಿದರು. ಮೊದಲ ಏಕದಿನ ಪಂದ್ಯದಲ್ಲೇ 51 ರನ್ ಹೊಡೆದರು. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ 86,174 ಪ್ರೇಕ್ಷಕರ ಎದುರು ಟಿ20 ವಿಶ್ವಕಪ್ ಫೈನಲ್ ಆಡಿದರು. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಆಗ ವಯಸ್ಸು 27. ಅಷ್ಟರೊಳಗೆ ದೇಶಕ್ಕಾಗಿ 124 ಪಂದ್ಯ ಆಡಿದ್ದರು. ಕಾಲ ಚಿಕ್ಕದಾದರೂ ಸಾಧನೆ ದೊಡ್ಡದು.

2. ಮಳೆಗಾಲ ರಜೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನಗಳೆಲ್ಲ ಕೆಸರು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದೆಂದು ಮೆಲ್ಬರ್ನ್‌ನ ಟಾಮ್ ವಿಲ್ಸ್ 1858ರಲ್ಲಿ ಫುಟ್‌ಬಾಲ್ ಕ್ಲಬ್ ಬೇಕೆಂದು ಪತ್ರಿಕೆಗೆ ಬರೆದರು. ಮರುವರ್ಷ ನಿಯಮಗಳಾದವು. ಆಸ್ಟ್ರೇಲಿಯನ್ ಫುಟ್‌ಬಾಲ್ ಬೆಳೆದದ್ದು ಹೀಗೆ. ನಮಗೆ ಶಾಲೆಯ ಜಗಲಿ ಸಾಕು: ಹಗ್ಗದಾಟ, ಬಸ್ಕಿ, ಗೋಡೆಗೆ ಚೆಂಡೆಸೆದು ಹಿಡಿಯುವುದು.

3. ಬೂಟಿನ ಅಡಿ ನೋಡಿ. ಬೌಲಿಂಗ್ ಮಾಡುವ ಹುಡುಗನ ಬೂಟನ್ನು ತಿಂಗಳಿಗೊಮ್ಮೆ ತಿರುಗಿಸಿ ನೋಡುತ್ತೇನೆ. ಒಂದೇ ಅಂಚು ಸವೆದಿದ್ದರೆ ಅವನು ಕಾಲೂರುವ ರೀತಿಯನ್ನು ಮತ್ತೆ ಗಮನಿಸುತ್ತೇನೆ. ಮೊಣಕಾಲು ನೋವೆಂದರೆ ಎಣ್ಣೆ ತಿಕ್ಕಿ ಆಡಿಸಬೇಡಿ, ಡಾಕ್ಟರಿಗೆ ತೋರಿಸಿ. ಹದಿನೈದರಲ್ಲಿ ಕೆಟ್ಟ ಕಾಲು ಇಪ್ಪತ್ತೈದರಲ್ಲಿ ಕೈಕೊಡುತ್ತದೆ.

4. ಓದು ಬಿಡಿಸಬೇಡಿ. ಜಿಲ್ಲಾ ತಂಡಕ್ಕೆ ಆಯ್ಕೆಯಾದ ಕೂಡಲೇ ಕಾಲೇಜು ಬೇಡ ಎನ್ನುವವರನ್ನು ಕಂಡಿದ್ದೇನೆ. ಕ್ರೀಡಾ ಕೋಟಾದ ಕೆಲಸಕ್ಕೂ ಮಾರ್ಕ್ಸ್‌ಕಾರ್ಡ್ ಕೇಳುತ್ತಾರೆ. ಬೆಳಿಗ್ಗೆ ಅಭ್ಯಾಸ, ಹಗಲು ತರಗತಿ, ಎರಡೂ ಸಾಗಲಿ.

5. ಆಡದೆಯೂ ಆಟದಲ್ಲಿರಬಹುದು. ವೇದಾ 2025ರ ಜುಲೈನಲ್ಲಿ, 32ನೇ ವಯಸ್ಸಿಗೆ ನಿವೃತ್ತಿ ಘೋಷಿಸಿದರು. ಅದಕ್ಕೂ ಮೊದಲೇ ಕಾಮೆಂಟರಿಗೆ ಕೂತಿದ್ದರು. ನಾನು ಪ್ರತಿ ಪಂದ್ಯದಲ್ಲೂ ಒಬ್ಬ ಹುಡುಗಿಗೆ ಸ್ಕೋರ್ ಪುಸ್ತಕ, ಒಬ್ಬ ಹುಡುಗನಿಗೆ ಅಂಪೈರಿಂಗ್ ವಹಿಸುತ್ತೇನೆ. ಆಟವನ್ನು ಹೊರಗೆ ನಿಂತು ಓದಲು ಕಲಿತವರಿಗೆ ಮುಂದೆ ದಾರಿ ಕಾಣುತ್ತದೆ.

ಕೊನೆಗೊಂದು ಕೋರಿಕೆ. ಟೂರ್ನಮೆಂಟುಗಳು ಬರುವುದೇ ಕಾಫಿ ಕುಯ್ಲಿನ ಹೊತ್ತಿಗೆ. ಮನೆಯಲ್ಲಿ ಆಳಿನ ತಾಪತ್ರಯ ಇರುತ್ತದೆ, ಗೊತ್ತು. ಆದರೂ ಆ ನಾಲ್ಕು ದಿನ ಮಗಳನ್ನು ಕಳಿಸಿಕೊಡಿ. ಕುಯ್ಲು ಪ್ರತಿ ವರ್ಷ ಬರುತ್ತದೆ, ಆಡುವ ವಯಸ್ಸು ಮತ್ತೆ ಬರುವುದಿಲ್ಲ.